ಪ್ರಶ್ನೋತ್ತರ: ತೂಕ ಇಳಿಸುವವರ ಮಧ್ಯಾಹ್ನದ ಊಟ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮಧ್ಯಾಹ್ನದ ಊಟವನ್ನು ಕುರಿತವೇ ಆಗಿದ್ದವು. ಅವುಗಳಲ್ಲಿ ಐದನ್ನು ಆರಿಸಿ ಉತ್ತರಿಸಲಾಗಿದೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ಮೇಡಂ, ನನಗೆ 42 ವರ್ಷ, ಎತ್ತರ 155 ಸೆಂ.ಮೀ., ತೂಕ 71 ಕೆ.ಜಿ. ಕಚೇರಿಯಲ್ಲಿ ಕುಳಿತು ಮಾಡುವ ಕೆಲಸ. ಬೆಳಗಿನ ಗಡಿಬಿಡಿಯಲ್ಲಿ ತಿಂಡಿಗೆ ಮಾಡಿದ ಚಿತ್ರಾನ್ನ, ಪುಳಿಯೋಗರೆ ಅಥವಾ ವಾಂಗೀಬಾತನ್ನೇ ಮಧ್ಯಾಹ್ನದ ಡಬ್ಬಿಗೂ ತುಂಬಿಕೊಳ್ಳುತ್ತಿದ್ದೆ. ತೂಕ ಇಳಿಸಬೇಕೆಂದು ಈಗ ಮಧ್ಯಾಹ್ನ ಸೌತೆಕಾಯಿ, ಕ್ಯಾರೆಟ್ ಮತ್ತು ಒಂದು ಸೇಬು ಮಾತ್ರ ತಿನ್ನುತ್ತಿದ್ದೇನೆ. ನಾಲ್ಕು ಗಂಟೆಯ ಹೊತ್ತಿಗೆ ತಲೆನೋವು ಬರುತ್ತದೆ, ಐದಕ್ಕೆ ಗಾಡಿಯ ಬೋಂಡ ತಿನ್ನದೆ ಇರಲಾಗುವುದಿಲ್ಲ. ತೂಕ ಒಂದು ಕೆ.ಜಿ.ಯೂ ಇಳಿದಿಲ್ಲ. ಏನು ಮಾಡಲಿ? (ಮೈಸೂರು)

ಉತ್ತರ: ಮೊದಲು ಆ ಸೌತೆಕಾಯಿ ಊಟವನ್ನು ನಿಲ್ಲಿಸಿ. ಸೌತೆಕಾಯಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರೇ ಇರುವುದರಿಂದ ಅದು ಹೊಟ್ಟೆಯನ್ನು ಸ್ವಲ್ಪ ಹೊತ್ತು ಉಬ್ಬಿಸುತ್ತದೆಯೇ ಹೊರತು ಹಸಿವನ್ನು ಸಂಜೆಯವರೆಗೆ ಹಿಡಿದಿಡುವುದಿಲ್ಲ. ನೀವು ಈಗ ಮಧ್ಯಾಹ್ನ ತಿನ್ನುತ್ತಿರುವುದು 200 ಕ್ಯಾಲರಿಯನ್ನೂ ಮುಟ್ಟದ ಆಹಾರ. ಎರಡು ಬೋಂಡ ಮತ್ತು ಸಕ್ಕರೆ ಹಾಕಿದ ಒಂದು ಕಾಫಿ ಸೇರಿದರೆ 300 ಕ್ಯಾಲರಿ ಸುಲಭವಾಗಿ ದಾಟುತ್ತದೆ. ಮಧ್ಯಾಹ್ನ ಕಟ್ಟುನಿಟ್ಟಾಗಿ ಉಳಿಸಿದ್ದನ್ನು ಸಂಜೆ ಬಾಣಲೆಯ ಮುಂದೆ ಖರ್ಚು ಮಾಡುತ್ತಿದ್ದೀರಿ. ಇದರಲ್ಲಿ ನಿಮ್ಮ ಮನೋಬಲದ ಕೊರತೆ ಏನೂ ಇಲ್ಲ, ಊಟವೇ ಸಾಲದಾಗಿದೆ.

ಹಾಗೆಂದು ಹಳೆಯ ಡಬ್ಬಿಗೆ ಮರಳಿ ಎಂದು ಹೇಳುತ್ತಿಲ್ಲ. ಆ ಚಿತ್ರಾನ್ನದ ಲೆಕ್ಕವನ್ನೊಮ್ಮೆ ನೋಡೋಣ. 100 ಗ್ರಾಂ ಅಕ್ಕಿಯ ಅನ್ನ, ಮೂರು ಟೀ ಚಮಚ ಎಣ್ಣೆ, ಒಂದು ಹಿಡಿ ಕಡಲೇಬೀಜ ಎಂದು ಹಿಡಿದರೆ ಅದು ಹೆಚ್ಚುಕಡಿಮೆ 590 ಕ್ಯಾಲರಿ, ಪ್ರೋಟೀನು 13 ಗ್ರಾಂ, ತಟ್ಟೆಯಲ್ಲಿ ಅದರ ತೂಕ 300 ಗ್ರಾಂಗಿಂತ ಸ್ವಲ್ಪ ಹೆಚ್ಚು. ಇದರ ಬದಲು 50 ಗ್ರಾಂ ಅಕ್ಕಿಯ ಅನ್ನ, 30 ಗ್ರಾಂ ತೊಗರಿಬೇಳೆಯಿಂದ ಮಾಡಿದ ಗಟ್ಟಿ ಹುಳಿ, ದೊಡ್ಡ ಬಟ್ಟಲು ತುಂಬ ಬೀನ್ಸ್ ಅಥವಾ ಎಲೆಕೋಸಿನ ಪಲ್ಯ, ಹೆಸರುಬೇಳೆಯ ಕೋಸಂಬರಿ ಮತ್ತು ಒಂದು ಲೋಟ ಮಜ್ಜಿಗೆ ಇಟ್ಟುಕೊಂಡು, ಎಲ್ಲ ಒಗ್ಗರಣೆಗಳೂ ಸೇರಿ ಒಂದೂವರೆ ಚಮಚ ಎಣ್ಣೆಯಲ್ಲಿ ಮುಗಿಸಿದರೆ, ಒಟ್ಟು ಸುಮಾರು 520 ಕ್ಯಾಲರಿ ಆಗುತ್ತದೆ. ವ್ಯತ್ಯಾಸ ಇಷ್ಟೇನಾ ಎಂದು ಅನ್ನಿಸಬಹುದು. ಆದರೆ ಈ ಊಟದ ಗಾತ್ರ ಹಳೆಯದರ ಎರಡು ಪಟ್ಟಿಗಿಂತ ಹೆಚ್ಚು, ಪ್ರೋಟೀನು 20 ಗ್ರಾಂ ಆಸುಪಾಸು, ನಾರಿನಂಶ ಎರಡು ಪಟ್ಟು ಮೀರಿದ್ದು. ನಿಜವಾದ ಉಳಿತಾಯ ಕಾಣುವುದು ಸಂಜೆ ಐದು ಗಂಟೆಗೆ, ಬೋಂಡದ ಗಾಡಿಯ ಕಡೆಗೆ ಕಾಲು ಎಳೆಯದಿರುವಾಗ.

ಹೊಟ್ಟೆ ತುಂಬಿದ ಅನುಭವವನ್ನು ಕ್ಯಾಲರಿಯೊಂದೇ ಕೊಡುವುದಿಲ್ಲ. ಆಹಾರದ ಗಾತ್ರ, ಅದರಲ್ಲಿರುವ ನೀರು ಮತ್ತು ನಾರು, ಪ್ರೋಟೀನಿನ ಪ್ರಮಾಣ, ಅಗಿಯಲು ಹಿಡಿಯುವ ಸಮಯ ಇವೆಲ್ಲ ಸೇರಿ ಅದನ್ನು ಕೊಡುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕ್ಯಾಲರಿಯ ಆಹಾರಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಮತ್ತು ಸೊಪ್ಪು ಎಂದು ಸೂಚಿಸಲಾಗಿದೆ. ನಮ್ಮ ಮನೆಗಳ ತಟ್ಟೆಯಲ್ಲಿ ಈ ಅನುಪಾತ ತಲೆಕೆಳಗಾಗಿದೆ. ಅನ್ನ ತಟ್ಟೆಯ ನಡುವನ್ನೆಲ್ಲ ಆಕ್ರಮಿಸುತ್ತದೆ, ಪಲ್ಯ ಉಪ್ಪಿನಕಾಯಿಯ ಪಕ್ಕದಲ್ಲಿ ಒಂದು ಚಮಚದಷ್ಟು ಕುಳಿತಿರುತ್ತದೆ. ಕೋಸಂಬರಿಯನ್ನಂತೂ ರಾಮನವಮಿಗೂ ಮದುವೆಮನೆಗೂ ಮೀಸಲಿಟ್ಟುಬಿಟ್ಟಿದ್ದೇವೆ. ನನ್ನನ್ನು ಕೇಳಿದರೆ ತೂಕ ಇಳಿಸುವವರಿಗೆ ಅದರಷ್ಟು ಒಳ್ಳೆಯ ತಿನಿಸು ನಮ್ಮ ಅಡುಗೆಮನೆಯಲ್ಲಿ ಇನ್ನೊಂದಿಲ್ಲ.

ಬೆಳಿಗ್ಗೆ ಇಷ್ಟೆಲ್ಲ ಮಾಡಲು ಸಮಯವೆಲ್ಲಿದೆ ಎಂಬುದು ನಿಮ್ಮ ಮುಂದಿನ ಪ್ರಶ್ನೆಯಾಗಿರುತ್ತದೆ, ಅದು ನ್ಯಾಯವಾದದ್ದೇ. ತರಕಾರಿಯನ್ನು ಹಿಂದಿನ ರಾತ್ರಿ ಹೆಚ್ಚಿ ಫ್ರಿಜ್ಜಿನಲ್ಲಿಡಿ. ಅನ್ನ ಮತ್ತು ಬೇಳೆ ಒಂದೇ ಕುಕ್ಕರಿನ ಎರಡು ಪಾತ್ರೆಗಳಲ್ಲಿ ಬೇಯುವಷ್ಟರಲ್ಲಿ ಪಲ್ಯ ಆಗುತ್ತದೆ. ಹೆಸರುಬೇಳೆ ಅರ್ಧ ಗಂಟೆಯಲ್ಲಿ ನೆನೆಯುತ್ತದೆ. ಕೋಸಂಬರಿಗೆ ಉಪ್ಪು ಮತ್ತು ನಿಂಬೆರಸವನ್ನು ಮನೆಯಲ್ಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಡಬ್ಬಿಯೆಲ್ಲ ರಾಡಿಯಾಗುವುದರಿಂದ, ಅವನ್ನು ಬೇರೆಯಾಗಿ ಒಯ್ದು ಊಟದ ಹೊತ್ತಿಗೆ ಬೆರೆಸಿಕೊಳ್ಳಿ. ಹುಳಿ ಮಾಡಲಾಗದ ದಿನ ಮೊಳಕೆ ಹೆಸರುಕಾಳಿನ ಅಥವಾ ಅಲಸಂದೆಕಾಳಿನ ಉಸಲಿ ಒಂದು ಬಟ್ಟಲು ಇದ್ದರೆ ಸಾಕು. ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಎರಡು ಮೊಟ್ಟೆಗಳಿಂದ ಸುಮಾರು 12 ಗ್ರಾಂ ಪ್ರೋಟೀನು ಸಿಗುತ್ತದೆ. ಚಿತ್ರಾನ್ನವನ್ನೇ ಒಯ್ಯಬೇಕಾಗಿ ಬಂದಾಗ ಅನ್ನದ ಅರ್ಧವನ್ನು ತೆಗೆದು ಅಷ್ಟೇ ಪ್ರಮಾಣದ ತುರಿದ ಎಲೆಕೋಸು, ಕ್ಯಾರೆಟ್ ಮತ್ತು ಹಸಿ ಬಟಾಣಿಯನ್ನು ಒಗ್ಗರಣೆಯಲ್ಲಿ ಬಾಡಿಸಿ ಬೆರೆಸಿ, ಜೊತೆಗೆ ಉಸಲಿ ಇಟ್ಟುಕೊಳ್ಳಿ. ಆದರೆ ತಿಂಡಿಗೂ ಊಟಕ್ಕೂ ಅದೇ ಚಿತ್ರಾನ್ನ ಬೇಡ. ಎರಡು ಹೊತ್ತೂ ಕಲಸನ್ನವಾದರೆ ಬೇಳೆಗೆ ಜಾಗವೇ ಉಳಿಯುವುದಿಲ್ಲ.

ಉಣ್ಣುವಾಗ ಕೋಸಂಬರಿ ಮತ್ತು ಪಲ್ಯದಿಂದ ಆರಂಭಿಸಿ, ಅನ್ನವನ್ನು ಕೊನೆಯಲ್ಲಿ ಹುಳಿಯೊಡನೆ ಕಲಸಿಕೊಳ್ಳಿ. ಹಸಿವಿನ ಮೊದಲ ರಭಸ ತರಕಾರಿಯ ಮೇಲೆ ಕಳೆದುಹೋಗುತ್ತದೆ, ಊಟದ ನಂತರ ರಕ್ತದ ಸಕ್ಕರೆಯೂ ಅಷ್ಟು ಜೋರಾಗಿ ಏರುವುದಿಲ್ಲ. ವಾರಕ್ಕೆ ಸುಮಾರು ಅರ್ಧ ಕೆ.ಜಿ. ಇಳಿದರೆ ಅದೇ ಸರಿಯಾದ ವೇಗ. ತಕ್ಕಡಿಯೊಂದನ್ನೇ ನಂಬದೆ ಸೊಂಟದ ಸುತ್ತಳತೆಯನ್ನೂ ನೋಡುತ್ತಿರಿ. ಭಾರತೀಯ ಮಹಿಳೆಯರಿಗೆ ಅದು 80 ಸೆಂ.ಮೀ. ಮೀರಬಾರದು ಎನ್ನುವುದು ಒಪ್ಪಿತ ಮಿತಿ. ಎರಡು ಮೂರು ತಿಂಗಳು ಹೀಗೆ ಉಂಡ ಮೇಲೂ ತೂಕದಲ್ಲಿ ಏನೂ ಬದಲಾವಣೆ ಕಾಣದಿದ್ದರೆ ವೈದ್ಯರ ಬಳಿ ಥೈರಾಯ್ಡ್ ಪರೀಕ್ಷೆಯ ಬಗ್ಗೆ ವಿಚಾರಿಸಿ.

ಪ್ರಶ್ನೆ: ನಮ್ಮ ಯಜಮಾನರು ಅನ್ನ ಬಿಟ್ಟು ಮಧ್ಯಾಹ್ನ ಎರಡು ದೊಡ್ಡ ರಾಗಿಮುದ್ದೆ ಉಣ್ಣುತ್ತಾರೆ. ಮುದ್ದೆ ಎಷ್ಟು ಉಂಡರೂ ತೂಕ ಏರುವುದಿಲ್ಲ ಎನ್ನುತ್ತಾರೆ. ಅವರಿಗೆ ಈಗ ಅಂಗಡಿಯಲ್ಲಿ ಕುಳಿತು ಮಾಡುವ ವ್ಯಾಪಾರ. ಇದು ನಿಜವೇ? (ಮಂಡ್ಯ)

ಉತ್ತರ: ಅರ್ಧ ನಿಜ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ ಇದೆ, ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಸುಮಾರು 355. ಅಂದರೆ ಶಕ್ತಿಯ ಲೆಕ್ಕದಲ್ಲಿ ಎರಡರ ನಡುವೆ ದೊಡ್ಡ ಅಂತರವಿಲ್ಲ. ರಾಗಿ ಮುಂದಿರುವುದು ನಾರಿನಲ್ಲಿ ಮತ್ತು ಸುಣ್ಣದ ಅಂಶದಲ್ಲಿ. ಅದರಲ್ಲಿ ನಾರು 11 ಗ್ರಾಂ, ಕ್ಯಾಲ್ಸಿಯಂ ಸುಮಾರು 360 ಮಿಲಿಗ್ರಾಂ. ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ, ಕ್ಯಾಲ್ಸಿಯಂ ನಗಣ್ಯ. ಹಾಗಾಗಿ ಮುದ್ದೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬ ಅನುಭವದ ಮಾತು ಸುಳ್ಳಲ್ಲ. ಆದರೆ ಪ್ರೋಟೀನಿನಲ್ಲಿ ರಾಗಿ ಅಕ್ಕಿಗಿಂತ ಮೇಲೇನೂ ಅಲ್ಲ.

‘ಹಿಟ್ಟಂ ತಿಂದಂ ಬೆಟ್ಟಮಂ ಕಿತ್ತಿಟ್ಟಂ’ ಎಂಬ ಮಾತನ್ನು ನಿಮ್ಮ ಯಜಮಾನರು ಖಂಡಿತ ಹೇಳುತ್ತಿರುತ್ತಾರೆ. ಬೆಟ್ಟ ಕೀಳುವವನಿಗೆ ಎರಡಲ್ಲ, ಮೂರು ಮುದ್ದೆಯಾದರೂ ನಡೆಯುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ, 75 ಗ್ರಾಂ ಹಿಟ್ಟಿನ ಒಂದೇ ಮುದ್ದೆ ಸಾಕು. ಅದರ ಮೇಲೆ ‘ಸ್ವಲ್ಪ ಅನ್ನ’ ಎಂದು ಮತ್ತೆ ಬಡಿಸಿಕೊಳ್ಳುವ ರೂಢಿ ಇದ್ದರೆ ಅದನ್ನು ಮಜ್ಜಿಗೆಗೆ ಬದಲಿಸಿ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಊಟ ಐದು ನಿಮಿಷದಲ್ಲಿ ಮುಗಿದು, ಹೊಟ್ಟೆ ತುಂಬಿತೆಂಬ ಸುದ್ದಿ ತಲೆಗೆ ತಲುಪುವ ಮೊದಲೇ ಎರಡನೆಯ ಮುದ್ದೆ ತಟ್ಟೆಗೆ ಬಂದಿರುತ್ತದೆ. ಅಗಿಯುವ ಕೆಲಸವನ್ನು ಪಕ್ಕದಲ್ಲಿಟ್ಟ ಪಲ್ಯಕ್ಕೂ ಹಸಿ ಮೂಲಂಗಿಗೂ ಒಪ್ಪಿಸಬೇಕು. ಈ ದೃಷ್ಟಿಯಿಂದ ಬಸ್ಸಾರು ಬಹಳ ಜಾಣತನದ ಅಡುಗೆ. ಕಾಳು ಸೊಪ್ಪು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ ಮಾಡುವುದರಿಂದ ಒಂದೇ ಪಾತ್ರೆಯಿಂದ ಮುದ್ದೆಗೆ ಬೇಕಾದ ಎರಡೂ ದೊರೆಯುತ್ತವೆ. ಆದರೆ ಸಾರಿನಲ್ಲಿ ಮುದ್ದೆಯನ್ನು ಅದ್ದಿ ನುಂಗಿ, ಪಲ್ಯವನ್ನು ಪಾತ್ರೆಯಲ್ಲೇ ಬಿಟ್ಟರೆ ಪ್ರೋಟೀನೆಲ್ಲ ಅಲ್ಲೇ ಉಳಿಯುತ್ತದೆ. ಹುರುಳಿಕಾಳಿನಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನು ಇದೆ. ಬರೀ ಕಟ್ಟಿನ ಸಾರಿನಲ್ಲಿ ಅದರ ಸ್ವಲ್ಪ ಭಾಗ ಮಾತ್ರ ಬರುತ್ತದೆ, ಕಾಳನ್ನೇ ಬಟ್ಟಲಿನಷ್ಟು ಬಡಿಸಿ.

ಪ್ರಶ್ನೆ: ನಮ್ಮದು ಜೋಳದ ರೊಟ್ಟಿ ಊಟ. ಮಧ್ಯಾಹ್ನ ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ರೊಟ್ಟಿಗೆ ಎಣ್ಣೆ ಹಾಕುವುದಿಲ್ಲ. ಆದರೂ ತೂಕ ಏರುತ್ತಿದೆ, ಯಾಕೆ? (ಧಾರವಾಡ)

ಉತ್ತರ: ರೊಟ್ಟಿಯ ಮೇಲೆ ಅನುಮಾನ ಪಡಬೇಡಿ. ಜೋಳದಲ್ಲಿ ನೂರು ಗ್ರಾಂಗೆ ಪ್ರೋಟೀನು 10 ಗ್ರಾಂ, ನಾರು 10 ಗ್ರಾಂ ಇದೆ. 50 ಗ್ರಾಂ ಹಿಟ್ಟಿನ ರೊಟ್ಟಿ ಎಣ್ಣೆಯಿಲ್ಲದೆ ಸುಮಾರು 170 ಕ್ಯಾಲರಿ, ಮೇಲಾಗಿ ಅದನ್ನು ಅಗಿದೇ ತಿನ್ನಬೇಕು. ನಿಮ್ಮ ತೂಕ ಬರುತ್ತಿರುವುದು ರೊಟ್ಟಿಯ ಜೊತೆಗಿರುವವರಿಂದ. ಎಣ್ಣೆಗಾಯಿಯಲ್ಲಿ ಹೆಸರಿಗೆ ತಕ್ಕಂತೆ ಎಣ್ಣೆ ಇರುತ್ತದೆ, ಮಸಾಲೆಯಲ್ಲಿ ಶೇಂಗಾ ಮತ್ತು ಕೊಬ್ಬರಿ ಇರುತ್ತವೆ, ಅದರ ಪಕ್ಕದಲ್ಲಿ ಮತ್ತೆ ಶೇಂಗಾ ಚಟ್ನಿ, ಆ ಚಟ್ನಿಯ ಮೇಲೆ ಇನ್ನೊಂದಿಷ್ಟು ಹಸಿ ಎಣ್ಣೆ. ಶೇಂಗಾದಲ್ಲಿ ನೂರು ಗ್ರಾಂಗೆ 500 ಕ್ಯಾಲರಿಗಿಂತ ಹೆಚ್ಚಿದೆ, ಎಣ್ಣೆಯಲ್ಲಿ 900. ಎಣ್ಣೆಗಾಯಿಯನ್ನು ವಾರಕ್ಕೊಂದು ದಿನ ಇಟ್ಟುಕೊಳ್ಳಿ. ಉಳಿದ ದಿನ ಮಡಿಕೆಕಾಳಿನ ಪಲ್ಯ, ಬೇಳೆ ಹಾಕಿದ ಮೆಂತ್ಯೆಪಲ್ಯ, ಪುಂಡಿಪಲ್ಯ, ಕಡಿಮೆ ಎಣ್ಣೆಯ ಝುಣಕ ಇವುಗಳಲ್ಲಿ ಒಂದಿರಲಿ. ಚಟ್ನಿ ಒಂದು ಚಮಚ ಸಾಕು, ಅದನ್ನು ಎಣ್ಣೆಯ ಬದಲು ಮೊಸರಿನಲ್ಲಿ ಕಲಸಿ. ಹಕ್ಕರಿಕೆ, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಮೂಲಂಗಿ, ಸೌತೆಕಾಯಿಗಳನ್ನು ರೊಟ್ಟಿಯ ಜೊತೆ ಕಚ್ಚಿ ತಿನ್ನುವ ನಿಮ್ಮ ಕಡೆಯ ಪದ್ಧತಿಯನ್ನು ದಕ್ಷಿಣದವರು ಕಲಿಯಬೇಕಾಗಿದೆ. ನೀವು ಮಾತ್ರ ಅದನ್ನು ಬಿಡಬೇಡಿ.

ಪ್ರಶ್ನೆ: ಒಬ್ಬನೇ ಕೋಣೆ ಮಾಡಿಕೊಂಡಿದ್ದೇನೆ, ಅಡುಗೆ ಬರುವುದಿಲ್ಲ. ಮಧ್ಯಾಹ್ನ ಹೋಟೆಲಿನ ಊಟವೇ ಗತಿ. ಏನು ಆರಿಸಿಕೊಳ್ಳಲಿ? (ಬೆಂಗಳೂರು)

ಉತ್ತರ: ದರ್ಶಿನಿಯ ರೈಸ್ ಬಾತ್ ಮತ್ತು ಪೂರಿಗಿಂತ ತಟ್ಟೆ ಊಟವೇ ಮೇಲು, ಏಕೆಂದರೆ ಅದರಲ್ಲಿ ಪಲ್ಯ, ಸಾಂಬಾರು, ಮಜ್ಜಿಗೆ ಇರುತ್ತವೆ. ಚಪಾತಿ ಅಥವಾ ಅನ್ನ, ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಬಡಿಸುವ ಮೊದಲೇ ಅನ್ನ ಅರ್ಧ ಸಾಕೆಂದು ಹೇಳಿ, ಬಡಿಸಿದ ಮೇಲೆ ಬಿಡುವುದು ಯಾರಿಂದಲೂ ಆಗದ ಕೆಲಸ. ಹಪ್ಪಳ ಮತ್ತು ಸಿಹಿಯನ್ನು ತೆಗೆದಿಡಿ, ಪಲ್ಯವನ್ನು ಎರಡನೆಯ ಸಲ ಕೇಳಿ. ಹೋಟೆಲಿನ ಸಾಂಬಾರಿನಲ್ಲಿ ಬೇಳೆ ತೆಳುವಾಗಿರುವುದರಿಂದ ಪ್ರೋಟೀನು ಸಾಲುವುದಿಲ್ಲ. ರಾತ್ರಿ ನೆನೆಸಿದ ಕಡಲೆಕಾಳನ್ನು ಬೇಯಿಸಲು ಅಡುಗೆ ಬರಬೇಕಾಗಿಲ್ಲ, ಒಂದು ಸಣ್ಣ ಕುಕ್ಕರ್ ಸಾಕು. ಅದನ್ನು ಡಬ್ಬಿಯಲ್ಲಿ ಒಯ್ಯಿರಿ.

ಪ್ರಶ್ನೆ: ನನಗೆ 58 ವರ್ಷ, ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ತೂಕ ಇಳಿಸಲು ಮಧ್ಯಾಹ್ನದ ಊಟವನ್ನು ಪೂರ್ತಿ ಬಿಟ್ಟು ಎರಡೇ ಹೊತ್ತು ಉಣ್ಣಬೇಕೆಂದಿದ್ದೇನೆ. ಆಗಬಹುದೇ? (ಶಿವಮೊಗ್ಗ)

ಉತ್ತರ: ವೈದ್ಯರನ್ನು ಕೇಳದೆ ಖಂಡಿತ ಬೇಡ. ಗ್ಲಿಮೆಪಿರೈಡ್‌ನಂಥ ಮಾತ್ರೆಗಳು ಮತ್ತು ಇನ್ಸುಲಿನ್ ನೀವು ಉಂಡರೂ ಉಣ್ಣದಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಊಟ ತಪ್ಪಿದ ದಿನ ಅದು ತೀರ ಕೆಳಗೆ ಹೋಗಿ ಬೆವರು, ನಡುಕ, ಮಂಕು ಕವಿಯುವುದು, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು ಕೂಡ ಆಗಬಹುದು. ನೀವು ತೆಗೆದುಕೊಳ್ಳುವ ಮಾತ್ರೆ ಯಾವ ಬಗೆಯದು ಎಂಬುದನ್ನು ಬರೆದಿಲ್ಲ. ಮಾತ್ರೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ, ಊಟದ ಪ್ರಮಾಣ ಕಡಿಮೆ ಮಾಡುತ್ತಿದ್ದೇನೆಂದು ಮೊದಲೇ ತಿಳಿಸಿ. ಆಹಾರ ಬದಲಾದಾಗ ಮಾತ್ರೆಯ ಪ್ರಮಾಣವನ್ನೂ ಬದಲಿಸಬೇಕಾಗಿ ಬರಬಹುದು. ಮೂತ್ರಪಿಂಡದ ತೊಂದರೆ ಇದ್ದರೆ ಬೇಳೆಕಾಳಿನ ಪ್ರಮಾಣವನ್ನೂ ಅವರೇ ನಿಗದಿ ಮಾಡಬೇಕು. ಅಲ್ಲಿಯವರೆಗೆ ಮಧ್ಯಾಹ್ನದ ಊಟವನ್ನು ಹೊತ್ತಿಗೆ ಸರಿಯಾಗಿ ಮಾಡಿ. ಸಿಹಿ ಮತ್ತು ಕರಿದದ್ದನ್ನು ದೂರವಿಟ್ಟು ಪಲ್ಯವನ್ನು ಹೆಚ್ಚಿಸಿ, ಆದರೆ ಮಾತ್ರೆ ನುಂಗುವ ದಿನಗಳಲ್ಲಿ ಅನ್ನ ಅಥವಾ ಚಪಾತಿಯನ್ನು ಒಮ್ಮೆಲೇ ಪೂರ್ತಿ ತೆಗೆದುಹಾಕಬೇಡಿ, ಮತ್ತು ಜೇಬಿನಲ್ಲಿ ಒಂದೆರಡು ಗ್ಲೂಕೋಸ್ ಪೊಟ್ಟಣಗಳು ಸದಾ ಇರಲಿ.