ಓದುಗರ ಪ್ರಶ್ನೆ, ವಕೀಲರ ಉತ್ತರ: ‘ನೇಣಿನ ಜಡ್ಜ್’ ಪಾರ್ಕರ್

ಪ್ರಶ್ನೆ: ಹಳೇ ಕೌಬಾಯ್ ಸಿನಿಮಾಗಳಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಗಲ್ಲಿಗೇರಿಸುವ ಜಡ್ಜ್ ಬರುತ್ತಾನಲ್ಲ, ಅಂಥವನು ನಿಜವಾಗಿ ಇದ್ದನೇ? ಇಲ್ಲ ಸುಮ್ನೆ ಕಟ್ಟುಕಥೆಯಾ?

ಇದ್ದರು. ಹೆಸರು ಐಸಾಕ್ ಪಾರ್ಕರ್. 1838ರಲ್ಲಿ ಒಹಾಯೋದಲ್ಲಿ ಹುಟ್ಟಿ, ಮಿಸೌರಿಯ ಸೇಂಟ್ ಜೋಸೆಫ್‌ನಲ್ಲಿ ವಕೀಲಿಕೆ ಮಾಡಿ, ಎರಡು ಸಲ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೂ ಆರಿಸಿ ಬಂದವರು. 1875ರಲ್ಲಿ ಅಧ್ಯಕ್ಷ ಗ್ರ್ಯಾಂಟ್ ಅವರನ್ನು ಅರ್ಕಾನ್ಸಾದ ಫೋರ್ಟ್ ಸ್ಮಿತ್ ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ಕೋರ್ಟಿಗೆ ಜಡ್ಜ್ ಮಾಡಿದರು. ಆಗ ಅವರಿಗೆ 36 ವರ್ಷ. ಹಿಂದಿನ ಜಡ್ಜ್ ಲಂಚದ ಆರೋಪ ಹೊತ್ತು ರಾಜೀನಾಮೆ ಕೊಟ್ಟಿದ್ದರು. ಕೋರ್ಟಿನ ಮಾನ ಮಣ್ಣುಪಾಲಾಗಿತ್ತು.

ಪಾರ್ಕರ್ ಮೇ 10ರಂದು ಕೋರ್ಟ್ ಶುರು ಮಾಡಿದರು. ಆ ಮೊದಲ ಅಧಿವೇಶನದಲ್ಲೇ ಎಂಟು ಜನರಿಗೆ ಮರಣದಂಡನೆ. ಅವರಲ್ಲಿ ಆರು ಜನರನ್ನು ಸೆಪ್ಟೆಂಬರ್ 3ರಂದು ಒಂದೇ ನೇಣುಗಂಬದಲ್ಲಿ, ಒಟ್ಟಿಗೆ ಗಲ್ಲಿಗೇರಿಸಲಾಯಿತು. ನೋಡಲು ಸಾವಿರಾರು ಜನ ನೆರೆದಿದ್ದರು. ಪತ್ರಿಕೆಯವರು ಸುಮ್ಮನಿರುತ್ತಾರಾ? ‘ನೇಣಿನ ಜಡ್ಜ್’ ಅನ್ನುವ ಹೆಸರು ಕೊನೆಗೂ ಅಂಟಿಕೊಂಡಿತು.

ನಾನು ವಕೀಲನಾದ್ದರಿಂದ ಒಂದು ಮಾತು ಹೇಳಲೇಬೇಕು. ಆಗಿನ ಫೆಡರಲ್ ಕಾನೂನಿನಲ್ಲಿ ಕೊಲೆಗೂ ಅತ್ಯಾಚಾರಕ್ಕೂ ಇದ್ದದ್ದು ಒಂದೇ ಶಿಕ್ಷೆ, ಮರಣ. ಅಪರಾಧಿ ಹೌದೋ ಅಲ್ಲವೋ ಎಂದು ಹೇಳುವುದು ಜ್ಯೂರಿ, ಅಂದರೆ ಸಾಮಾನ್ಯ ಜನರಿಂದ ಆರಿಸಿದ ಪಂಚರ ತಂಡ. ಅವರು ಹೌದು ಅಂದರೆ ಜಡ್ಜ್‌ಗೆ ಬೇರೆ ದಾರಿ ಇಲ್ಲ. ಶಿಕ್ಷೆ ಇಳಿಸುವ ಅಧಿಕಾರ ಅಧ್ಯಕ್ಷರದ್ದು. 21 ವರ್ಷದಲ್ಲಿ ಪಾರ್ಕರ್ 160 ಜನರಿಗೆ ಮರಣದಂಡನೆ ಓದಿ ಹೇಳಿದರು. ನೇಣಿಗೆ ಹೋದವರು 79 ಜನ. ತಾನು ಯಾರನ್ನೂ ಗಲ್ಲಿಗೇರಿಸಲಿಲ್ಲ, ಕಾನೂನು ಗಲ್ಲಿಗೇರಿಸಿತು ಎಂದು ಕೊನೆಗಾಲದ ಸಂದರ್ಶನವೊಂದರಲ್ಲಿ ಅವರೇ ಹೇಳಿದ್ದಾರೆ. ತಪ್ಪಿಗೆ ಶಿಕ್ಷೆ ಆಗೇ ಆಗುತ್ತದೆ ಅನ್ನುವ ಖಾತ್ರಿ ಇದ್ದರೆ ಮರಣದಂಡನೆ ತೆಗೆದುಹಾಕಬಹುದು ಅನ್ನುವುದೂ ಅವರ ಅಭಿಪ್ರಾಯವಾಗಿತ್ತು.

ಹಾಗಂತ ಅವರನ್ನು ಪೂರ್ತಿ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಅವರ ದೋಷ ಇದ್ದದ್ದು ಶಿಕ್ಷೆಯಲ್ಲಲ್ಲ, ಅದಕ್ಕೆ ಮೊದಲು ಜ್ಯೂರಿಗೆ ಕೊಡುತ್ತಿದ್ದ ಉಪದೇಶದಲ್ಲಿ. ಉದ್ದುದ್ದ ಮಾತಾಡಿ, ತೀರ್ಪು ಯಾವ ಕಡೆ ಹೋಗಬೇಕು ಅನ್ನುವುದನ್ನೂ ಸೂಚಿಸಿಬಿಡುತ್ತಿದ್ದರು. 1889ರವರೆಗೆ ಇದನ್ನು ಕೇಳುವವರೇ ಇರಲಿಲ್ಲ. ಪಾರ್ಕರ್ ಹೇಳಿದ್ದರ ಮೇಲೆ ಅಪೀಲು ಇಲ್ಲ! ಆ ವರ್ಷ ಮರಣದಂಡನೆ ಕೇಸುಗಳಿಗೆ ಸುಪ್ರೀಂ ಕೋರ್ಟಿನ ಬಾಗಿಲು ತೆರೆಯಿತು ನೋಡಿ, ಹಾಗೆ ಮೇಲೆ ಹೋದ ತೀರ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ರದ್ದಾಗಿ ಬಂದವು.

ಮರಣದಂಡನೆ ಇಲ್ಲದ ಒಂದು ಕೇಸೂ ಹಾಗೆ ಮೇಲೆ ಹೋಯಿತು. ಒಂದು ಹಸುವಿನ ವಿಚಾರಕ್ಕೆ ಬಿಯರ್ಡ್ ಅನ್ನುವ ರೈತನ ಜಮೀನಿಗೆ ಮೂವರು ಅಣ್ಣತಮ್ಮಂದಿರು ಬಂದರು. ಜಗಳದಲ್ಲಿ ಬಿಯರ್ಡ್ ಗುಂಡು ಹಾರಿಸದೆ, ಬಂದೂಕನ್ನೇ ಬೀಸಿ ಒಬ್ಬನ ತಲೆಗೆ ಹೊಡೆದ, ಅವನು ಸತ್ತ. ಹಿಂದೆ ಸರಿದು ತಪ್ಪಿಸಿಕೊಳ್ಳಬಹುದಿತ್ತಲ್ಲ ಅನ್ನುವ ಧಾಟಿಯಲ್ಲಿ ಪಾರ್ಕರ್ ಜ್ಯೂರಿಗೆ ಹೇಳಿದರು. ಎಂಟು ವರ್ಷ ಜೈಲಾಯಿತು. 1895ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ತನ್ನ ಜಮೀನಿನಲ್ಲಿ ನಿಂತವನು, ತಾನಾಗಿ ಜಗಳ ತೆಗೆಯದವನು, ಯಾಕೆ ಓಡಬೇಕು? ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಇಷ್ಟು. ನನಗೂ ಅದೇ ಸರಿ ಅನ್ನಿಸುತ್ತದೆ.

ಪ್ರಶ್ನೆ: ಒಬ್ಬ ಜಡ್ಜ್ ಮುಂದೆ ಅಷ್ಟೊಂದು ಕೊಲೆ ಕೇಸು ಬಂದದ್ದು ಹೇಗೆ?

ಫೋರ್ಟ್ ಸ್ಮಿತ್‌ನ ಪಕ್ಕದಲ್ಲೇ ಇಂಡಿಯನ್ ಟೆರಿಟರಿ, ಅಂದರೆ ಅಮೆರಿಕದ ಮೂಲನಿವಾಸಿಗಳಿಗೆ ಬಿಟ್ಟಿದ್ದ ಪ್ರದೇಶ ಇತ್ತು. ಇವತ್ತಿನ ಓಕ್ಲಹೋಮ. ಚೆರೊಕೀ, ಚಾಕ್ಟಾ, ಕ್ರೀಕ್ ಮುಂತಾದ ಬುಡಕಟ್ಟುಗಳಿಗೆ ಅಲ್ಲಿ ತಮ್ಮದೇ ಕೋರ್ಟುಗಳಿದ್ದವು. ಆದರೆ ಹೊರಗಿನವರ ಮೇಲೆ ಆ ಕೋರ್ಟುಗಳಿಗೆ ಅಧಿಕಾರ ಇರಲಿಲ್ಲ, ಅವರ ಕೇಸು ಪಾರ್ಕರ್ ಕೋರ್ಟಿಗೆ ಬರಬೇಕಿತ್ತು. ಬೇರೆ ರಾಜ್ಯದಲ್ಲಿ ಕೊಲೆ ಮಾಡಿ ಓಡಿಬಂದವನಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಅಂಥವರನ್ನು ಹಿಡಿದು ತರಬೇಕಾದವರು ಪಾರ್ಕರ್ ಕೋರ್ಟಿನ ಡೆಪ್ಯುಟಿ ಮಾರ್ಷಲ್‌ಗಳು.

ಆ ಮಾರ್ಷಲ್‌ಗಳ ಪಾಡು ಯಾರಿಗೂ ಬೇಡ. ಸಂಬಳ ಇಲ್ಲ. ಹಿಡಿದು ತಂದ ಆರೋಪಿಗೆ ಇಷ್ಟು, ಓಡಾಡಿದ ಮೈಲಿಗೆ ಇಷ್ಟು ಅಂತ ಫೀಸು. ಆರೋಪಿ ಗುಂಡಿನ ಕಾಳಗದಲ್ಲಿ ಸತ್ತರೆ ಆ ಫೀಸೂ ಹೋಯಿತು, ಹೂಳುವ ಖರ್ಚೂ ಕೈಯಿಂದಲೇ. ಪಾರ್ಕರ್ ಕಾಲದಲ್ಲಿ 60ಕ್ಕೂ ಹೆಚ್ಚು ಮಾರ್ಷಲ್‌ಗಳು ಜೀವ ಕಳೆದುಕೊಂಡರು. ಅವರಲ್ಲೆಲ್ಲ ಹೆಸರಾದವರು ಬ್ಯಾಸ್ ರೀವ್ಸ್. ಗುಲಾಮರಾಗಿ ಹುಟ್ಟಿದ ಕಪ್ಪು ಮನುಷ್ಯ, ಓದು ಬರಹ ಬಾರದು. ವಾರಂಟನ್ನು ಬೇರೆಯವರಿಂದ ಓದಿಸಿ ಬಾಯಿಪಾಠ ಮಾಡಿಕೊಂಡು ಹೊರಡುತ್ತಿದ್ದರಂತೆ. ಪಾರ್ಕರ್‌ಗಿಂತ ಇವರ ಕಥೆಯೇ ನನಗೆ ಇಷ್ಟ, ಅದು ಬೇರೆ ಮಾತು.

ಕಾಂಗ್ರೆಸ್ ವರ್ಷ ಕಳೆದಂತೆ ಪಾರ್ಕರ್ ಅಧಿಕಾರದ ಪ್ರದೇಶವನ್ನು ಕತ್ತರಿಸುತ್ತಾ ಬಂತು. 1896ರ ಸೆಪ್ಟೆಂಬರ್ 1ಕ್ಕೆ ಇಂಡಿಯನ್ ಟೆರಿಟರಿ ಪೂರ್ತಿ ಕೈಬಿಟ್ಟಿತು. ಆ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ನವೆಂಬರ್ 17ರಂದು ತೀರಿಕೊಂಡರು.

ಪ್ರಶ್ನೆ: ಹೆಂಗಸರಿಗೂ ಮರಣದಂಡನೆ ಕೊಟ್ಟರಾ?

ನಾಲ್ವರಿಗೆ ಕೊಟ್ಟರು, ಯಾರೂ ನೇಣಿಗೆ ಹೋಗಲಿಲ್ಲ. ಸಿನಿಮಾದವರಿಗೆ ಪ್ರಿಯಳಾದ, ಆ ಕಾಲದ ಕುಖ್ಯಾತ ಹೆಂಗಸು ಬೆಲ್ ಸ್ಟಾರ್‌ಗೆ 1883ರಲ್ಲಿ ಕುದುರೆ ಕಳ್ಳತನಕ್ಕೆ ಇವರೇ ಜೈಲು ವಿಧಿಸಿದರು, ಡೆಟ್ರಾಯಿಟ್‌ಗೆ ಕಳಿಸಿದರು. ಇನ್ನೊಂದು ವಿಷಯ ಗೊತ್ತಾ? ಕಾಂಗ್ರೆಸ್ಸಿನಲ್ಲಿದ್ದಾಗ, ಟೆರಿಟರಿಗಳಲ್ಲಿ (ಇನ್ನೂ ರಾಜ್ಯವಾಗದ ಪ್ರದೇಶಗಳಲ್ಲಿ) ಹೆಂಗಸರಿಗೆ ಓಟು ಕೊಡಬೇಕು ಎಂದು ಮಸೂದೆ ತಂದವರೂ ಈ ಪಾರ್ಕರೇ. ಅದು ಪಾಸಾಗಲಿಲ್ಲ.