ರಾತ್ರೋರಾತ್ರಿ ಎದ್ದು ನಿಂತ ಎತ್ತು

(ಮಗುವಿನ ತಂದೆ ತಾಯಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ.)

ಏಳು ವರ್ಷದ ಹುಡುಗಿ, ಎರಡನೇ ಕ್ಲಾಸು. ಚಿತ್ರ ಬಿಡಿಸು ಅಂದರೆ ಒಂದು ಗೆರೆ ಎಳೆಯುತ್ತಾಳೆ. ಆಮೇಲೆ ಕಾಗದ ಹರಿಯೋವರೆಗೂ ರಬ್ಬರ್ ಹಿಡಿದು ಉಜ್ಜುತ್ತಾಳೆ. ಕೊನೆಗೆ "ನೀವೇ ಮಾಡ್ಕೊಡಿ" ಅನ್ನುತ್ತಾಳೆ. ಕ್ಲಾಸ್ ಟೀಚರ್ ಇದನ್ನು ಗಮನಿಸಿ ಹೇಳಿದ್ದರಿಂದ ತಂದೆ ತಾಯಿ ಅವಳನ್ನು ಮಕ್ಕಳ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕರೆತಂದರು. ಊಟ, ನಿದ್ದೆ, ಓದು ಎಲ್ಲ ಚೆನ್ನಾಗಿತ್ತು.

ಜಾಸ್ತಿ ಮಾತಾಡಿದ್ದು ತಂದೆ. ಗದಗ ಕಡೆಯ ಹಳ್ಳಿಯವರು, ಬೆಂಗಳೂರಿಗೆ ಬಂದು ಹದಿನೈದು ವರ್ಷ. "ನಾವು ಸಣ್ಣವರಿದ್ದಾಗ ಹಿಂಗ ಇರ್ಲಿಲ್ರಿ ಮೇಡಂ. ಗೋಲಿ, ಬುಗುರಿ, ಲಗೋರಿ, ಪಂಚಮಿಗೆ ಜೋಕಾಲಿ. ಈಕಿಗೆ ಎಲ್ಲಾ ತಂದು ಕೊಟ್ಟೀನಿ, ಮುಟ್ಟೂದಿಲ್ಲ." ಹೇಳುವಾಗ ಅವರ ದನಿ ನಡುಗುತ್ತಿತ್ತು. ತನಗೆ ಸಿಕ್ಕ ಸುಖ ಮಗಳಿಗೂ ಸಿಗಲಿ ಎಂಬ ಆಸೆ ಅದು. ಆ ಆಸೆಯ ಮೇಲೆ ನನಗೆ ಗೌರವವಿದೆ.

ಮಗುವಿನ ಜೊತೆ ಒಬ್ಬಳೇ ಕೂತಾಗ ಮೇಜಿನ ಮೇಲೆ ಜೇಡಿಮಣ್ಣು ಇಟ್ಟೆ. ಏನೂ ಕೇಳಲಿಲ್ಲ. ಸುಮ್ನೆ ನನ್ನ ಪಾಲಿನ ಮಣ್ಣಿನಲ್ಲಿ ಒಂದು ಬಟ್ಟಲು ಮಾಡುತ್ತಾ ಕೂತೆ. ಸುಮಾರು ಹೊತ್ತಾದ ಮೇಲೆ ಅವಳೇ ಹೇಳಿದಳು: "ನಾನು ಎತ್ತು ಮಾಡಿದ್ದೆ. ಅಪ್ಪ ಸರಿ ಮಾಡಿಬಿಟ್ರು."

ಕಾರ ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಂದು ಮಣ್ಣಿನ ಎತ್ತು ಮಾಡಿ ಪೂಜೆ ಮಾಡುತ್ತಾರೆ. ಜೊತೆಗೆ ಮೇವು ಹಾಕಲು ಗ್ವಾದಲಿಯೂ ಬೇಕು. ಈ ತಂದೆ ಬೆಂಗಳೂರಿನ ಪಾಟರಿ ಟೌನ್‌ಗೆ ಹೋಗಿ ಕುಂಬಾರರಿಂದ ಮಣ್ಣು ತಂದಿದ್ದರು. ಅಪ್ಪ ಮಗಳು ಇಬ್ಬರೂ ಕೂತು ಮಾಡಿದರು. ಅವಳ ಎತ್ತಿನ ಕಾಲು ನಿಲ್ಲಲಿಲ್ಲ, ಹೊಟ್ಟೆಯ ಮೇಲೆ ಮಲಗಿತು. ಅವಳಿಗೆ ಅದು ಇಷ್ಟವಾಗಿತ್ತು. ಅದಕ್ಕೆ ಹೊದಿಸಲು ಕರ್ಚೀಫು ಕೂಡ ತಂದಿದ್ದಳು. ಆದರೆ ಪೂಜೆಗೆ ಇಡುವ ಎತ್ತು ಅಲ್ವಾ? ಅವಳು ಮಲಗಿದ ಮೇಲೆ ತಂದೆ ಅದೇ ಮಣ್ಣನ್ನು ನಾದಿ, ನಾಲ್ಕು ಕಾಲು, ಬೆನ್ನ ಮೇಲಿನ ಇಣಿ, ಕೋಡು ಎಲ್ಲ ತಿದ್ದಿ ನಿಲ್ಲಿಸಿದರು. ಬೆಳಿಗ್ಗೆ ಮಗು ನೋಡಿತು. ಅಳಲಿಲ್ಲ. ಅಳದಿದ್ದದ್ದರಿಂದಲೇ ಯಾರಿಗೂ ಗೊತ್ತಾಗಲಿಲ್ಲ.

ಒಂದೇ ಎತ್ತಿನಿಂದ ಇಷ್ಟೆಲ್ಲ ಆಯಿತು ಎಂದು ನಾನು ಹೇಳುವುದಿಲ್ಲ. ತಾಯಿಯನ್ನು ಕೇಳಿದಾಗ ಇನ್ನೊಂದು ವಿಷಯ ಬಂತು. ಸ್ಕೂಲ್ ಪ್ರಾಜೆಕ್ಟ್ ಇದ್ದ ರಾತ್ರಿ ಥರ್ಮಾಕೋಲ್ ಕತ್ತರಿಸಿ ಅಂಟಿಸುವುದು ಅವರೇ. ಅಂದರೆ ಆ ಮನೆಯಲ್ಲಿ ಮಗುವಿನ ಕೈಯ ಕೆಲಸ ಬೆಳಗಾಗುವುದರೊಳಗೆ ದೊಡ್ಡವರ ಕೆಲಸವಾಗುತ್ತಿತ್ತು. ತನ್ನ ಕೈ ಸಾಲದು ಎಂದು ಮಗು ಕಲಿತಿತ್ತು.

ತಂದೆಗೆ ಇದನ್ನು ಹೇಳುವುದು ಸುಲಭವಿರಲಿಲ್ಲ. ತುಂಬಾ ಹೊತ್ತು ತಲೆ ತಗ್ಗಿಸಿ ಕೂತರು. "ನಿಮ್ಮ ಎತ್ತನ್ನು ಆಗ ಯಾರು ತಿದ್ದುತ್ತಿದ್ದರು?" ಎಂದು ಕೇಳಿದೆ. "ಯಾರೂ ಇಲ್ಲರಿ. ಅವ್ವಗ ಅಷ್ಟು ಪುರುಸೊತ್ತು ಎಲ್ಲಿತ್ತು?" ಎಂದರು.

ನಾನು ಕೊಟ್ಟ ಸಲಹೆ ಇಷ್ಟು. ವಾರಕ್ಕೆ ಒಂದು ದಿನ, ಅರ್ಧ ಗಂಟೆ, ಫೋನ್ ಬೇರೆ ಕೋಣೆಯಲ್ಲಿ. ಏನು ಆಡಬೇಕು ಎನ್ನುವುದು ಮಗಳಿಗೆ ಬಿಟ್ಟಿದ್ದು. ಇದು ನಾನು ಕಂಡುಹಿಡಿದ ಕ್ರಮವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ಗರ್ನಿ 1960ರ ದಶಕದಲ್ಲೇ ತಂದೆ ತಾಯಿಗೆ ತರಬೇತಿ ಕೊಟ್ಟು, ಮಗುವಿನ ಇಷ್ಟದಂತೆ ಆಡಲು ಕಲಿಸುವ ಚಿಕಿತ್ಸೆಯನ್ನು ರೂಪಿಸಿದ್ದರು. ನಮ್ಮಲ್ಲೂ ಇದು ಚೆನ್ನಾಗಿ ಕೆಲಸ ಮಾಡುವುದನ್ನು ಕಂಡಿದ್ದೇನೆ.

ಮಗು ಮಾಡಿದ್ದನ್ನು ಮುಟ್ಟಬೇಡಿ, ಅವಳು ಮಲಗಿದ ಮೇಲಂತೂ ಬೇಡವೇ ಬೇಡ ಎಂದೆ. ಕೈ ತುರಿಸಿದರೆ ನಿಮ್ಮದೇ ಒಂದು ಉಂಡೆ ಮಣ್ಣು ತೆಗೆದುಕೊಳ್ಳಿ. "ಇದೇನು?" ಎಂದು ಕೇಳಿದರೆ ಮಗುವಿಗೆ ಪರೀಕ್ಷೆಯ ಹಾಗೆ ಕೇಳಿಸುತ್ತದೆ. "ಇದು ಏನ್ ಮಾಡ್ತಾ ಇದೆ?" ಎಂದು ಕೇಳಿ, ಕಥೆ ಬರುತ್ತದೆ. ಮತ್ತೆ "ನಾವು ಸಣ್ಣವರಿದ್ದಾಗ" ಎಂಬ ಮಾತು. ಅದು "ನೀನು ಹಾಗಿಲ್ಲ" ಎಂದು ಮುಗಿದರೆ ಮಗುವಿಗೆ ಅದು ಬೈಗುಳ. ಬುಗುರಿ ಒಡೆದ ದಿನ ಅತ್ತದ್ದು, ಜೋಕಾಲಿಯಿಂದ ಬಿದ್ದದ್ದು, ಅಂಥದ್ದನ್ನು ಹೇಳಿ. ಅಂಗಡಿಯಿಂದ ತಂದ ಲಗೋರಿ ಸೆಟ್ಟು ಕಪಾಟಿನಲ್ಲೇ ಇರಲಿ, ಪರವಾಗಿಲ್ಲ.

ಮಗಳ ಹತ್ತಿರ ಕ್ಷಮೆ ಕೇಳಿ ಎಂದೂ ಹೇಳಿದೆ. ಕೇಳಿದರು. "ನಿನ್ನ ಮಲಗಿದ ಎತ್ತು ಚಂದ ಇತ್ತು, ನಾನು ಎಬ್ಬಿಸಬಾರದಿತ್ತು" ಅಂದರಂತೆ.

ಮೊದಲ ಮೂರು ವಾರ ಅವಳು ಅಪ್ಪನ ಕೈಲೇ ಮಾಡಿಸಿಕೊಂಡಳು. ನಾಲ್ಕನೇ ವಾರ ಹುಣಸೆ ಬೀಜ ಒತ್ತಿ ಒಂದು ಹುಳ ಮಾಡಿದಳು. ಕಾಗದ ಉಜ್ಜುವುದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ಮುಂದಿನ ವರ್ಷದ ಅಮಾವಾಸ್ಯೆಗೆ ತಂದೆ ಫೋನ್ ಮಾಡಿದರು. ಮಗಳು ಗ್ವಾದಲಿಯ ಪಕ್ಕ ಮಣ್ಣಿನ ಸ್ಕೂಟರ್ ನಿಲ್ಲಿಸಿದ್ದಳು. ಪೂಜೆಗೆ ಇಡಬಹುದಾ ಎಂದು ಅವರಿಗೆ ಅನುಮಾನ. ಊರಿಗೆ ಫೋನ್ ಹಚ್ಚಿ ಅವ್ವನನ್ನೇ ಕೇಳಿದರಂತೆ.

"ಇರ್ಲಿ ಬಿಡಪಾ," ಅಂದರಂತೆ ಅಜ್ಜಿ. "ನೀನೂ ಒಂದ್ ವರ್ಷ ಎತ್ತಿನ ಬಾಜೂಕ ಟ್ರ್ಯಾಕ್ಟರ್ ಮಾಡಿ ಇಟ್ಟಿದ್ದಿಲ್ಲೇನ?"