ಕೆಂಪು ಸಮುದ್ರದಲ್ಲಿ ಗುಂಡು, ಬೈಕಂಪಾಡಿಯಲ್ಲಿ ನಿಂತ ಲಾರಿ

ವಿದೇಶದ ಸುದ್ದಿ ನಮ್ಮೂರಿಗೆ ಹೇಗೆ ತಟ್ಟುತ್ತದೆ ಎಂದು ಕೇಳಿ ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಆರಿಸಿದ್ದೇವೆ. ಉತ್ತರ ಕೊಟ್ಟವರು ಮಂಗಳೂರು ಬಂದರು ಇರುವ ಪಣಂಬೂರಿನ ಹಡಗು ಏಜೆನ್ಸಿಯೊಂದರಲ್ಲಿ ಮೂರು ದಶಕ ದುಡಿದು ನಿವೃತ್ತರಾದವರು.

ಪ್ರಶ್ನೆ: ನಾನು ಬೈಕಂಪಾಡಿಯಲ್ಲಿ ಕಂಟೇನರ್ ಲಾರಿ ಓಡಿಸುತ್ತೇನೆ. 2024ರ ಶುರುವಿನಲ್ಲಿ ಟ್ರಿಪ್ ಸಿಗದೆ ದಿನಗಟ್ಟಲೆ ಕೂತಿದ್ದೆ. ಕೇಳಿದರೆ "ಕೆಂಪು ಸಮುದ್ರದ ಗಲಾಟೆ" ಎಂದರು. ಅದು ಎಲ್ಲೋ ಯೆಮೆನ್ ಹತ್ತಿರ. ಆಫೀಸಿನವರು ಸುಮ್ನೆ ನೆವ ಹೇಳಿದ್ದಾ?

ನೆವ ಅಲ್ಲ ಮಾರಾಯ್ರೆ. ಜನವರಿಯಿಂದ ಮಾರ್ಚ್‌ವರೆಗೆ ನಿಮ್ಮ ಲಾರಿಯಲ್ಲಿ ಏನು ತುಂಬುತ್ತೀರಿ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಕಾಫಿ ಅಲ್ವಾ? ಚಿಕ್ಕಮಗಳೂರು, ಕೊಡಗಿನ ಬೀಜ ಘಾಟಿ ಇಳಿದು ಬರುವ ಹೊತ್ತು ಅದು. ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವುದು ಇಟಲಿ. ಇಲ್ಲಿಂದ ಇಟಲಿಗೆ ನೇರ ದೊಡ್ಡ ಹಡಗು ಇಲ್ಲ. ಪಣಂಬೂರಿನಲ್ಲಿ ಚಿಕ್ಕ ಫೀಡರ್ ಹಡಗಿಗೆ ಏರಿದ ಕಂಟೇನರ್ ಕೊಲಂಬೊದಂಥ ಬಂದರಿನಲ್ಲಿ ದೊಡ್ಡ ಹಡಗಿಗೆ ದಾಟುತ್ತದೆ. ಅಲ್ಲಿಂದ ಕೆಂಪು ಸಮುದ್ರ, ಸುಯೆಜ್ ಕಾಲುವೆ, ಆಮೇಲೆ ಇಟಲಿ.

2023ರ ನವೆಂಬರ್ 19ರಂದು ಯೆಮೆನ್‌ನ ಹೂತಿ ಬಂಡುಕೋರರು ಗ್ಯಾಲಕ್ಸಿ ಲೀಡರ್ ಎಂಬ ಹಡಗನ್ನು ಹಿಡಿದುಕೊಂಡು ಹೋದರು. ಅದಾದ ಮೇಲೆ ಒಂದರ ಹಿಂದೆ ಒಂದು ದಾಳಿ. ಡಿಸೆಂಬರ್ ಹೊತ್ತಿಗೆ ದೊಡ್ಡ ಕಂಪೆನಿಗಳು ಆ ದಾರಿಯನ್ನೇ ಬಿಟ್ಟು, ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು. ಹೋಗುವುದಕ್ಕೆ ಸುಮಾರು ಎರಡು ವಾರ ಜಾಸ್ತಿ. ಬರುವುದಕ್ಕೂ ಅಷ್ಟೇ.

ನಿಮ್ಮ ಲಾರಿ ನಿಂತದ್ದು ಈ "ಬರುವುದಕ್ಕೂ" ಎಂಬ ಕಡೆಯಲ್ಲಿ. ಕಾಫಿ ತುಂಬಲು ಮೊದಲು ಖಾಲಿ ಪೆಟ್ಟಿಗೆ, ಅಂದರೆ ಕಂಟೇನರ್ ಬೇಕು. ಅದು ಯುರೋಪಿನಿಂದ ತಿರುಗಿ ಬರಬೇಕು. ಒಂದು ಪೆಟ್ಟಿಗೆ ಸಮುದ್ರದಲ್ಲೇ ತಿಂಗಳು ಹೆಚ್ಚು ಕಳೆದರೆ, ಅದೇ ವ್ಯಾಪಾರಕ್ಕೆ ಮೊದಲಿಗಿಂತ ಜಾಸ್ತಿ ಪೆಟ್ಟಿಗೆ ಬೇಕು. ಅಷ್ಟು ಯಾರ ಹತ್ತಿರವೂ ಇರಲಿಲ್ಲ. ಇದ್ದದ್ದು ಮೊದಲು ಹೋಗುವುದು ದೊಡ್ಡ ಬಂದರುಗಳಿಗೆ. ನಮ್ಮಂಥ ಫೀಡರ್ ಬಂದರಿನ ಸರದಿ ಯಾವಾಗಲೂ ಕೊನೆಗೆ. ಹಡಗಿನ ಬಾಡಿಗೆಯೂ ಹಲವು ಪಟ್ಟು ಏರಿದ್ದರಿಂದ ಕೆಲವು ರಫ್ತುದಾರರು ಸ್ವಲ್ಪ ದಿನ ಕಾಯೋಣ ಎಂದು ಮಾಲು ಗೋದಾಮಿನಲ್ಲೇ ಇಟ್ಟರು.

ಇಟ್ಟರೆ ಏನಂತೆ, ಕೊಳೆಯುವ ವಸ್ತುವಾ ಎಂದು ನೀವು ಕೇಳಬಹುದು. ಕಾಫಿಯ ಶತ್ರು ತೇವ. ತುಂಬುವ ಮೊದಲು ಕಂಟೇನರಿನ ಒಳಗೋಡೆಗೆ ದಪ್ಪ ಕಂದು ಕಾಗದ ಹೊದಿಸಿ, ಮೇಲೆ ತೇವ ಹೀರುವ ಚೀಲ ತೂಗುಹಾಕುವುದನ್ನು ನೀವೂ ನೋಡಿರುತ್ತೀರಿ. ಹಗಲು ಬಿಸಿ, ರಾತ್ರಿ ತಂಪು ಆಗಿ ತಗಡಿನ ಮಾಡಿನಿಂದ ಹನಿ ಬೀಳುತ್ತದೆ. ನಮ್ಮ ಭಾಷೆಯಲ್ಲಿ "ಪೆಟ್ಟಿಗೆ ಬೆವರುವುದು". ಎರಡು ವಾರ ಜಾಸ್ತಿ ಬೆವರಿದ ಪೆಟ್ಟಿಗೆಯ ಬಾಗಿಲು ಅಲ್ಲಿ ತೆರೆದಾಗ ಬೂಸಲು ವಾಸನೆ ಬಂದರೆ ಜಗಳ ಇಲ್ಲಿಯವರೆಗೆ ಬರುತ್ತದೆ.

ಇನ್ನೊಂದು ವಿಷಯ. 2023ರ ಡಿಸೆಂಬರ್ 23ರಂದು ಗುಜರಾತಿನ ಪೋರಬಂದರದಿಂದ ಸುಮಾರು 200 ನಾಟಿಕಲ್ ಮೈಲಿ ಆಚೆ ಕೆಮ್ ಪ್ಲೂಟೊ ಎಂಬ ಟ್ಯಾಂಕರಿಗೆ ಡ್ರೋನ್ ಬಡಿಯಿತು. ಇರಾನ್ ಬಿಟ್ಟ ಡ್ರೋನ್ ಎಂದು ಅಮೆರಿಕ ಹೇಳಿತು, ಇರಾನ್ ಅಲ್ಲಗಳೆಯಿತು. ಟಿವಿಯಲ್ಲಿ "ಗುಜರಾತ್ ಬಳಿ" ಎಂದೇ ಓಡಿತು. ಆದರೆ ಆ ಹಡಗು ಸೌದಿಯಿಂದ ಕಚ್ಚಾ ತೈಲ ತುಂಬಿಕೊಂಡು ಹೊರಟದ್ದು ಎಲ್ಲಿಗೆ ಗೊತ್ತುಂಟಾ? ನಮ್ಮ ಪಣಂಬೂರಿಗೆ. ಒಳಗಿದ್ದವರಲ್ಲಿ ಹೆಚ್ಚಿನವರು ಭಾರತೀಯರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಪ್ರಶ್ನೆ: ರೂಪಾಯಿ ಬಿತ್ತು ಎಂದು ಪೇಪರಿನಲ್ಲಿ ಬಂದಾಗಲೆಲ್ಲ ನಮ್ಮ ಮನೆಯವರು "ಒಳ್ಳೇದೇ ಆಯ್ತು" ಎನ್ನುತ್ತಾರೆ, ಮಗ ದುಬೈಯಲ್ಲಿ ಇರುವುದರಿಂದ. ರೂಪಾಯಿ ಬೀಳುವುದು ಡಾಲರಿನ ಎದುರು. ದಿರ್ಹಾಮಿಗೆ ಯಾಕೆ ಲಾಭ? (ಓದುಗರು, ಕಾಪು)

ಅಕ್ಕಾ, ಯುಎಇ 1997ರಿಂದ ಒಂದು ಡಾಲರಿಗೆ 3.6725 ದಿರ್ಹಾಮ್ ಎಂದು ಗೂಟ ಹೊಡೆದು ಕಟ್ಟಿಬಿಟ್ಟಿದೆ. ಡಾಲರ್ ಎತ್ತ ಹೋದರೆ ದಿರ್ಹಾಮೂ ಅತ್ತಲೇ. ಡಾಲರಿಗೆ 83 ರೂಪಾಯಿ ಇದ್ದರೆ ದಿರ್ಹಾಮಿಗೆ ಸುಮಾರು 22 ರೂಪಾಯಿ 60 ಪೈಸೆ. ಡಾಲರ್ 90 ಆದರೆ ದಿರ್ಹಾಮ್ 24 ರೂಪಾಯಿ 50 ಪೈಸೆ. ಮಗ ತಿಂಗಳಿಗೆ 1000 ದಿರ್ಹಾಮ್ ಕಳಿಸಿದರೆ ನಿಮ್ಮ ಪಾಸ್‌ಬುಕ್ಕಿನಲ್ಲಿ 1900 ರೂಪಾಯಿ ಜಾಸ್ತಿ ಕಾಣುತ್ತದೆ. ಸೌದಿ, ಕತಾರ್, ಒಮಾನ್, ಬಹ್ರೈನ್ ಹಣವೂ ಡಾಲರಿಗೇ ಕಟ್ಟಿದ್ದು. ಕುವೈತ್ ಮಾತ್ರ 2007ರಿಂದ ಹಲವು ದೇಶಗಳ ಹಣವನ್ನು ಸೇರಿಸಿ ಲೆಕ್ಕ ಹಾಕುತ್ತದೆ.

ಆದರೆ "ಒಳ್ಳೇದೇ ಆಯ್ತು" ಎನ್ನುವ ಮೊದಲು ಸ್ವಲ್ಪ ತಡೆಯಿರಿ. ಮಗನ ಸಂಬಳ ಅಲ್ಲಿ ಒಂದು ದಿರ್ಹಾಮೂ ಏರಿಲ್ಲ. ಇಲ್ಲಿ ನೀವು ಕೊಳ್ಳುವ ಚಿನ್ನ, ಗ್ಯಾಸ್, ಅಡುಗೆ ಎಣ್ಣೆ ಹೊರಗಿಂದ ಬರುವುದು ಡಾಲರ್ ಲೆಕ್ಕದಲ್ಲಿ. ಬಂದ 1900ರಲ್ಲಿ ಒಂದು ಪಾಲು ಅದೇ ಬಾಗಿಲಿನಿಂದ ವಾಪಸ್ ಹೋಗುತ್ತದೆ.

ರೂಪಾಯಿ ಬಿದ್ದಾಗ ಅಲ್ಲಿ ಬ್ಯಾಂಕಿನಿಂದ ಸಾಲ ಎತ್ತಿ ಊರಿಗೆ ಕಳಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದಯವಿಟ್ಟು ಬೇಡ. ಕೆಲಸ ಹೋದರೆ ಆ ಸಾಲ ದಿರ್ಹಾಮಿನಲ್ಲೇ ಕುತ್ತಿಗೆಗೆ ಬರುತ್ತದೆ.

ಕೇಳದಿದ್ದರೂ ಒಂದು ಮಾತು. ಮಗ ಕಳಿಸಿದ ಹಣವನ್ನು ನಿಮ್ಮ ಹೆಸರಿನಲ್ಲಿ ಎಫ್‌ಡಿ ಇಟ್ಟಿದ್ದೀರಾ? ಮಗ ಅಮ್ಮನಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ, ಆದರೆ ಅದರ ಬಡ್ಡಿ ನಿಮ್ಮ ಆದಾಯದ ಲೆಕ್ಕಕ್ಕೆ ಬರುತ್ತದೆ. ಹೊರದೇಶದಲ್ಲಿರುವವರಿಗೆಂದೇ ಇರುವ ಎನ್‌ಆರ್‌ಇ ಖಾತೆಯಲ್ಲಿ ಅವನೇ ಇಟ್ಟರೆ ಬಡ್ಡಿಗೂ ಇಲ್ಲಿ ತೆರಿಗೆ ಇಲ್ಲ. ಖರ್ಚಿಗೆ ಬೇಕಾದಷ್ಟು ಮಾತ್ರ ನಿಮಗೆ ಕಳಿಸಲಿ.

ಪ್ರಶ್ನೆ: ಪಾದೂರಿನ ನೆಲದಡಿ ತೈಲ ತುಂಬಿಟ್ಟಿದ್ದಾರಲ್ಲ, ಕೊಲ್ಲಿಯಲ್ಲಿ ಯುದ್ಧವಾದರೆ ಉಡುಪಿ ಜಿಲ್ಲೆಗೆ ಪೆಟ್ರೋಲ್ ತೊಂದರೆ ಇರುವುದಿಲ್ಲ, ಹೌದಾ?

ಇಲ್ಲ. ಅಲ್ಲಿರುವುದು ಪೆಟ್ರೋಲ್ ಅಲ್ಲ, ಕಚ್ಚಾ ತೈಲ. ಅದು ಸಂಸ್ಕರಣಾಗಾರಕ್ಕೆ ಹೋಗಿ ಬರಬೇಕು, ಹಂಚುವುದು ದೇಶದ ಲೆಕ್ಕದಲ್ಲಿ. ಪಾದೂರಿನ ಸಾಮರ್ಥ್ಯ 25 ಲಕ್ಷ ಟನ್, ಮಂಗಳೂರಿನದು 15 ಲಕ್ಷ, ವಿಶಾಖಪಟ್ಟಣದ್ದು 13.3 ಲಕ್ಷ. ಮೂರೂ ತುಂಬಿದ್ದರೆ ಇಡೀ ದೇಶಕ್ಕೆ ಸುಮಾರು ಒಂಬತ್ತೂವರೆ ದಿನಕ್ಕೆ ಸಾಕು. ಮಂಗಳೂರಿನ ಗುಹೆಯಲ್ಲಿ ಒಂದಿಷ್ಟು ತೈಲ ಅಬುಧಾಬಿಯ ಕಂಪೆನಿ ತಂದು ಇಟ್ಟದ್ದು. ಎಣ್ಣೆ ಸೋರುವುದಿಲ್ವಾ ಎಂದು ಕೆಲವರು ಹೆದರುತ್ತಾರೆ. ಸುತ್ತಲಿನ ಬಂಡೆಯ ಬಿರುಕಿನಲ್ಲಿರುವ ನೀರಿನ ಒತ್ತಡ ಎಣ್ಣೆಯ ಒತ್ತಡಕ್ಕಿಂತ ಜಾಸ್ತಿ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಎಣ್ಣೆಗೆ ಹೊರಗೆ ಹೋಗಲು ನೀರು ಬಿಡುವುದಿಲ್ಲ.

ಪ್ರಶ್ನೆ: 2024ರಲ್ಲಿ ಕೊಕ್ಕೋ ರೇಟ್ ಕಂಡು ಅಡಿಕೆ ತೋಟದ ನಡುವೆ ಇನ್ನೂರು ಗಿಡ ನೆಟ್ಟೆ. ಗಿಡ ಫಲ ಕೊಡುವ ಮೊದಲೇ ರೇಟ್ ಬಿತ್ತು. ಇದು ಮುಂಚೆ ಗೊತ್ತಾಗುತ್ತಿತ್ತಾ? (ಕೃಷಿಕರು, ಬೆಳ್ತಂಗಡಿ)

ಬೀಳುವ ದಿನ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೀಳುತ್ತದೆ ಎಂಬುದು ಗೊತ್ತಾಗುತ್ತಿತ್ತು.

ಜಗತ್ತಿನ ಕೊಕ್ಕೋದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಪಶ್ಚಿಮ ಆಫ್ರಿಕಾದ ಎರಡೇ ದೇಶಗಳಿಂದ, ಐವರಿ ಕೋಸ್ಟ್ ಮತ್ತು ಘಾನಾ. ಅಲ್ಲಿ ಮಳೆ ಹೆಚ್ಚುಕಮ್ಮಿಯಾಯಿತು. ಜೊತೆಗೆ ಗೆಲ್ಲು ಊದಿಕೊಂಡು ಗಿಡವೇ ಸಾಯುವ ವೈರಸ್ ರೋಗ. ಹಿಟ್ಟು ತಿಗಣೆ ಹರಡುವ ಆ ರೋಗಕ್ಕೆ ಮದ್ದಿಲ್ಲ, ಗಿಡ ಕಡಿಯುವುದೇ ದಾರಿ. ಹಲವು ವರ್ಷ ಟನ್ನಿಗೆ ಎರಡು-ಮೂರು ಸಾವಿರ ಡಾಲರ್ ಸುತ್ತ ಇದ್ದ ಬೆಲೆ 2024ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ 12,000 ದಾಟಿತು. ಆ ರೇಟಿಗೆ ಚಾಕೊಲೇಟ್ ಕಂಪೆನಿಗಳು ಕೊಕ್ಕೋ ಕಡಿಮೆ ಹಾಕತೊಡಗಿದವು. ಜಗತ್ತಿನ ಬೇರೆ ಕಡೆಯವರೂ ನಿಮ್ಮ ಹಾಗೆಯೇ ಗಿಡ ನೆಟ್ಟರು. 2025 ಮುಗಿಯುವ ಹೊತ್ತಿಗೆ ಬೆಲೆ ಅದರ ಅರ್ಧಕ್ಕಿಂತ ಕೆಳಗೆ.

ಇನ್ನು ಮುಂದೆ ಒಂದು ಸುದ್ದಿಯ ಮೇಲೆ ಕಣ್ಣಿಡಿ. ಐವರಿ ಕೋಸ್ಟ್‌ನ ಮುಖ್ಯ ಬೆಳೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ. ಸೀಸನ್ ಶುರುವಿನಲ್ಲಿ ಅಲ್ಲಿನ ಸರ್ಕಾರವೇ ರೈತರಿಗೆ ಕೊಡುವ ಬೆಲೆ ಹೇಳುತ್ತದೆ. ಆ ಬೆಲೆ, ಅಲ್ಲಿಯ ಮಳೆ ಇವೆರಡನ್ನು ನೋಡಿದರೆ ಷೇರುಪೇಟೆಯವರ ಮಾತು ಕೇಳುವ ಅಗತ್ಯ ಬೀಳುವುದಿಲ್ಲ.

ಗಿಡ ಕೀಳಬೇಕಾ? ನಾನಾದರೆ ಕೀಳುವುದಿಲ್ಲ. 1980ರ ಆಸುಪಾಸಿನಲ್ಲಿ ಬೆಲೆ ಬಿದ್ದು ಕೊಕ್ಕೋ ಕೇಳುವವರಿಲ್ಲದೆ ತುಂಬ ಜನ ಗಿಡ ಕಡಿದು ಹಾಕಿದರು. ಆಗ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೂ ಆಯಿತು. ಕಡಿಯದೆ ಉಳಿಸಿದವರು ಬಚಾವ್. ಹೇಗೂ ಅಡಿಕೆಗೆ ಹಾಕಿದ ನೀರು, ಗೊಬ್ಬರದಲ್ಲೇ ಅದೂ ಬದುಕುತ್ತದೆ. ಅಳಿಲಿನ ಕಾಟಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ.

ಪ್ರಶ್ನೆ: ಅಣ್ಣ ಕುವೈತಿನಲ್ಲಿದ್ದಾನೆ. ಅಲ್ಲಿ ಸ್ವಲ್ಪ ಏನಾದರೂ ಆದರೂ ವಾಟ್ಸಾಪ್‌ನಲ್ಲಿ ಹತ್ತಾರು ಆಡಿಯೊ ಬರುತ್ತದೆ. ಅಮ್ಮ ಊಟ ಬಿಡುತ್ತಾರೆ. ಏನು ಮಾಡುವುದು? (ವಿದ್ಯಾರ್ಥಿನಿ, ಉಡುಪಿ)

1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ನಮ್ಮ ಪಕ್ಕದ ಮನೆಯ ಹುಡುಗ ಅಲ್ಲಿದ್ದ. ಬೀದಿಗೆ ಒಂದೇ ಫೋನ್, ಅದು ನಮ್ಮ ಮನೆಯದ್ದು. ಅವನ ತಾಯಿ ಬೆಳಗ್ಗೆ ಬಂದು ಫೋನಿನ ಎದುರು ಕೂತರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದರು. ಇಪ್ಪತ್ತಮೂರು ದಿನ. ಕೊನೆಗೆ ಕರೆ ಬಂದದ್ದು ಜೋರ್ಡಾನಿನ ಅಮ್ಮಾನ್‌ನಿಂದ. ಆ ವರ್ಷ ಏರ್ ಇಂಡಿಯಾ ಅಲ್ಲಿಂದ ಒಂದು ಲಕ್ಷ 70 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು. ಆ ತಾಯಿಗೆ ಸುದ್ದಿಯೇ ಇಲ್ಲದ ಕಷ್ಟ, ನಿಮ್ಮ ಅಮ್ಮನಿಗೆ ಸುದ್ದಿ ಜಾಸ್ತಿಯಾದ ಕಷ್ಟ.

ಆಡಿಯೊದಲ್ಲಿ ತಾರೀಕು, ಜಾಗದ ಹೆಸರು ಇಲ್ಲದಿದ್ದರೆ ಅಮ್ಮನಿಗೆ ಕೇಳಿಸಬೇಡಿ. ಕುವೈತಿನ ಭಾರತೀಯ ದೂತಾವಾಸ ತನ್ನದೇ ಖಾತೆಗಳಲ್ಲಿ ಸೂಚನೆ ಹಾಕುತ್ತದೆ, ಅದನ್ನು ನೋಡಿ. ಅಣ್ಣನ ಹತ್ತಿರ ದಿನಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ, ಆ ಹೊತ್ತಿಗೆ ಒಂದು "ಊಟ ಆಯ್ತು" ಸಾಕು.

ಶಾಂತವಾಗಿರುವಾಗಲೇ ಮಾಡಿಡುವ ಕೆಲಸವೂ ಉಂಟು. ಅವನ ಪಾಸ್‌ಪೋರ್ಟ್, ಅಲ್ಲಿಯ ಸಿವಿಲ್ ಐಡಿ, ವೀಸಾ ಪುಟ ಇವುಗಳ ಫೋಟೊ ನಿಮ್ಮ ಫೋನಿನಲ್ಲಿರಲಿ, ಒಂದು ಪ್ರತಿ ಅಮ್ಮನ ಕಪಾಟಿನಲ್ಲಿರಲಿ. ಅವನು ಹತ್ತನೇ ತರಗತಿ ಪಾಸಾಗದೆ ಎಮಿಗ್ರೇಷನ್ ಅನುಮತಿ ಪಡೆದು ಹೋದವನಾದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿ ಇದ್ದೇ ಇರುತ್ತದೆ. ಅಪಘಾತದಲ್ಲಿ ಜೀವ ಹೋದರೆ 10 ಲಕ್ಷ ರೂಪಾಯಿಯ ವಿಮೆ ಅದು. ಎರಡೋ ಮೂರೋ ವರ್ಷಕ್ಕೆ ಅವಧಿ ಮುಗಿಯುತ್ತದೆ, ಆಮೇಲೆ ನವೀಕರಿಸಲು ತುಂಬ ಜನ ಮರೆಯುತ್ತಾರೆ. ಇವತ್ತು ರಾತ್ರಿ ಅವನು ಫೋನ್ ಮಾಡಿದಾಗ ಮೊದಲು ಅದರ ತಾರೀಕು ಕೇಳಿ.